ಗ್ಯಾರೇಜಿನ ಗಾಳಿ

ಹೊಳಲು

ಅತ್ತೆಯವರಿಗೆ ರೂಪ ಬರೆಯುವುದು.

ಗ್ಯಾರೇಜಿನ ಗ್ಯಾಸ್ ಹೀಟರ್ ಕೆಟ್ಟಿಲ್ಲ. ಚಳಿಗೆಂದು ಶಟರ್ ಪೂರ್ತಿ ಎಳೆದರೆ ಒಳಗೆ ಗಾಳಿ ಸಾಲದೆ ಅದು ಆರುತ್ತದೆ. ಆರದಿರಲೆಂದು ನಿಮ್ಮ ಮಗ ಅದರ ಗುಂಡಿಯನ್ನು ಒತ್ತಿಹಿಡಿದು ತಂತಿಯಲ್ಲಿ ಬಿಗಿದರು. ಹೀಟರ್ ಆರಲಿಲ್ಲ, ನಾನು ಪ್ರಜ್ಞೆ ತಪ್ಪಿ ಬಿದ್ದೆ.

ನೀವು, "ಗಾಳಿ ಮೆಟ್ಕಂಡದೆ ಕಣ್ಲಾ, ಬಡಿ, ಬುಡ್ಬ್ಯಾಡ" ಅಂದಿರಿ. ಅವರು ಫ್ಯಾನ್ ಬೆಲ್ಟಿನಲ್ಲಿ ಬಡಿದರು. "ಯಾರೇ ನೀನು, ಎಸ್ರೇಳು" ಎಂದು ದೆವ್ವವನ್ನು ಕೇಳಿದರು. ನಾನು ರೂಪ ಅಂದಷ್ಟೂ ಏಟು ಜೋರಾಯಿತು.

ಬೆನ್ನಿನ ಹೊಲಿಗೆ ಬಿಚ್ಚಿದ ಮೇಲೂ ನಾನು ಬರುವುದಿಲ್ಲ. ನನ್ನ ಬಟ್ಟೆ ಕೊಟ್ಟು ಕಳಿಸಿ. ಶಟರನ್ನು ಒಂದು ಮೊಳ ಎತ್ತಿಡಿ. ಇನ್ನು ಆ ಹೀಟರ್ ಮುಂದೆ ಕೂರುವವರು ನೀವೊಬ್ಬರೇ. ತಲೆ ಸುತ್ತಿ ಬಿದ್ದೀರಿ. ಬೆಲ್ಟು ಅದೇ ಮೊಳೆಯಲ್ಲಿದೆ, ನಿಮ್ಮ ಮಗನ ಕೈಗೆಟಕುತ್ತದೆ.

ಇಂತಿ, ಈಗಲೂ ಅದೇ ಹೆಸರಿನ,
ರೂಪ