ಅಕ್ಕನ ಉಪವಾಸ

ಅಕ್ಕಾ, ನಾನು ರಾಜಶೇಖರ. ನೀ ಹೋಗಿ ಎಷ್ಟೋ ವರ್ಷ ಆತು. ಇದನ್ನ ಕಳಸಾಕ ನಂಬರ್ ಇಲ್ಲಂತ ಗೊತ್ತೈತಿ, ಆದ್ರೂ ಫೋನಿನ್ಯಾಗ ಮಾತಾಡಾಕತ್ತೇನಿ. ಗೋಕುಲ ರಸ್ತೆ ದವಾಖಾನಿ ಮುಂದ ಗಾಡ್ಯಾಗ ಕುಂತೇನಿ.

ಹೋದ ತಿಂಗಳು ನನ್ನ ಮಗಳು ಶಾಂಭವಿ ಊಟಕ್ಕ ಕುಂತಾಗ, “ಇನ್ಮ್ಯಾಲೆ ನಾನೂ ಸೋಮವಾರ ಉಪವಾಸ ಮಾಡ್ತೇನಿ” ಅಂದ್ಲು. ಅವ್ವಗ ಭಾಳ ಖುಷಿ. “ನೋಡೋ, ಅತ್ತಿ ಭಕ್ತಿ ಇಕಿಗೂ ಬಂತು!” ಅಂದ್ಲು. ನಾ ಮಾತ್ರ ಶಾಂಭವಿ ಕೈ ನೋಡಿದೆ. ನಿನ್ನಂಗ ಹೊಟ್ಟಿ ಒತ್ತಿ ಹಿಡ್ಕೊಂಡಿದ್ಲು.

ನೀನೂ ಸೋಮವಾರದಿಂದನ ಚಾಲೂ ಮಾಡಿದ್ದಿ. ಆಮ್ಯಾಲೆ ಗುರುವಾರ, ಶನಿವಾರ. ನೀ ಸೊರಗಿದಷ್ಟೂ ಓಣಿ ಮಂದಿ ನಿನ್ನ ಕಾಲಿಗೆ ಬೀಳಾಕ ಬರ್ತಿದ್ರು. ನಾ ಅವರಿಗೆಲ್ಲಾ ಚಾ ಕೊಡ್ತಿದ್ದೆ.

ಶಾಂಭವಿನ್ನ ಒಬ್ಬಾಕಿನ್ನ ಕರದು ಕೇಳಿದೆ. “ಅಪ್ಪಾ, ಉಂಡ್ರ ಹೊಟ್ಟಿ ಕೊಯ್ದಂಗ ಆಕ್ಕೈತಿ. ಉಪವಾಸ ಅಂದ್ರ ಯಾರೂ ಉಣ್ಣು ಅನ್ನೂದಿಲ್ಲ” ಅಂದ್ಲು.

ಇವತ್ತ ಡಾಕ್ಟರು ಹೇಳಿದ್ರು, ಕರುಳಿನ್ಯಾಗ ಹುಣ್ಣಾಗ್ಯಾವಂತ, ಕರುಳಿನ ಉರಿಯೂತದ ರೋಗ ಅಂತ. “ಔಷಧ ಐತ್ರಿ, ಅಂಜಬ್ಯಾಡ್ರಿ. ಇದು ಬರೂ ಸಂಭವ ಮನೆತನದಾಗ ಇರತೈತಿ, ಹಂಗಂತ ಎಲ್ಲಾರಿಗೂ ಬರೂದಿಲ್ಲ. ನಿಮ್ಮ ಪೈಕಿ ಯಾರಿಗರ ಇತ್ತೇನ್ರಿ?”

“ನಮ್ಮ ಅಕ್ಕಗ ಇತ್ತು ಅನಸ್ತೈತ್ರಿ.”

“ಆವಾಗ ಏನಂತ ಹೇಳಿದ್ರು?”

“ಭಕ್ತಿ ಅಂದ್ವಿರಿ.”

ಶಾಂಭವಿ ಔಷಧ ತಗೊಂಡು ಬರಾಕತ್ತಾಳ. ಈಗ ಮನಿಗೆ ಹೋಗಿ ಅವ್ವಗ ಹೇಳಬೇಕು. ಆಕಿ ಇವತ್ತಿಗೂ ನಿನ್ನ ಫೋಟೋಕ್ಕ ಕೈಮುಗದ ಉಣ್ಣಾಕ ಕುಂದರತಾಳ.