ಎರಡೂ ಎಡತೋಳು

ಅಕ್ಕಾ,

ಕೆಮ್ಮು ಹೋಗಿದೆ, ಗುಂಡುಕಲ್ಲಿನ ಹಾಗಿದ್ದೇನೆ.

ಈ ಹೊಲಿಗೆ ಕಾರ್ಖಾನೆಯಲ್ಲೊಂದು ವಿಚಿತ್ರ ಪದ್ಧತಿಯಿದೆ. ಬೆಳಿಗ್ಗೆ ಯಂತ್ರ ಶುರುಮಾಡುವ ಮುಂಚೆ ಒಬ್ಬರು ತಾವು ಕೆಲಸ ಕಲಿಯುವಾಗ ಕೆಡಿಸಿದ ಬಟ್ಟೆಯ ಕಥೆ ಹೇಳಬೇಕು, ಉಳಿದವರು ಸುತ್ತ ನಿಂತು ಕೇಳಬೇಕು. ಇವತ್ತು ನನ್ನ ಸರದಿ. ನನಗೆ ಕತ್ತರಿ ಕೊಡುವುದೋ, ಗುಂಡಿ ಹಚ್ಚಲು ಬಿಡುವುದೋ ಎಂದು ಮೇಸ್ತ್ರಿಯಮ್ಮ ತೀರ್ಮಾನಿಸುವ ದಿನವೂ ಇವತ್ತೇ.

ಸಣ್ಣದೊಂದು ತಪ್ಪು ಹೇಳಿ ಪಾರಾಗಬಹುದಿತ್ತು. ಆದರೆ ನೀನು ಮೊದಲ ದಿನ ಕೆಲಸಕ್ಕೆ ಹೋಗುವಾಗ ತೊಡಲೆಂದು ನಾನು ಹೊಲಿದ ಅಂಗಿ ನೆನಪಾಯಿತು. ಕಾಗದದ ಅಚ್ಚನ್ನು ಮಗುಚದೆ ಎರಡೂ ಎಡತೋಳು ಕತ್ತರಿಸಿದ್ದನ್ನು ಹೇಳಿಯೇಬಿಟ್ಟೆ. "ಅಳಬೇಡ್ವೋ, ಕೈ ಕಟ್ಕೊಂಡು ನಿಂತ್ರೆ ಯಾರಿಗೆ ಗೊತ್ತಾಗತ್ತೆ?" ಎಂದು ನೀನು ಅದನ್ನೇ ತೊಟ್ಟು ಹೋಗಿ, ಮಹಾ ವಿನಯವಂತೆ ಎಂದು ಹೆಸರು ಪಡೆದದ್ದನ್ನೂ ಹೇಳಿದೆ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿಯಮ್ಮ ಕಣ್ಣೊರೆಸಿಕೊಂಡು, "ಇಂಥಾ ತಪ್ಪು ಮಾಡಿದೋನು ಎರಡು ಸಲ ನೋಡದೆ ಬಟ್ಟೆ ಮುಟ್ಟಲ್ಲ. ತಗೊಳ್ಳಪ್ಪ" ಎಂದು ತಮ್ಮ ಕತ್ತರಿಯನ್ನೇ ಕೈಗಿಟ್ಟರು. ಮಧ್ಯಾಹ್ನದೊಳಗೆ ಹನ್ನೆರಡು ಕೋಟು ಕತ್ತರಿಸಿದೆ. ಒಂದೂ ತಿರುಗಿ ಬರಲಿಲ್ಲ.

ಊಟದ ಬಿಡುವು ಮುಗಿದ ಗಂಟೆ ಹೊಡೆಯಿತು. ತಿಂಗಳ ಕೊನೆಗೆ ಮಿಕ್ಕ ಬಟ್ಟೆ ನಮಗೇ ಸಿಗುತ್ತದಂತೆ. ನಿನ್ನ ಅಳತೆ ಬರೆದು ಕಳಿಸು. ದಪ್ಪಗಾಗಿದ್ದರೆ ನಾಚಿಕೊಂಡು ಕಡಿಮೆ ಬರೆಯಬೇಡ.

ತಮ್ಮ