ಇವರು ಅತ್ತದ್ದು ನನ್ನ ಅಳು

ಗೋಕಾಕ, ರವಿವಾರ, ೧೧ ಫೆಬ್ರವರಿ ೧೯೩೪

ಬಾಜೂ ಮನೆಯ ಕಾಶೆವ್ವನ ಮಾತು ಬೆಳಗಿನಿಂದ ಕಿವಿಯಲ್ಲೇ ಕೂತಿದೆ. ನಿನ್ನೆ ನಾವಿಬ್ಬರೂ ಮೂಡಲಗಿಗೆ ಹೋಗಿ ನಮ್ಮ ಯಜಮಾನರ ಕಂಪನಿಯ ನಾಟಕ ನೋಡಿದೆವು. ತಾಯಿಯ ಪಾತ್ರ ಇವರದೇ.

"ನಿನ್ನ ಗಂಡ ಸೀರಿ ಉಟ್ಟು, ಸತ್ತ ಮಗನ್ನ ನೆನಸಿ ಅಳೂದ ನೋಡಿ ಗಂಡಸರೂ ಕಣ್ಣ ಒರಸ್ಕೊಂಡ್ರು. ನೀ ಒಬ್ಬಾಕಿ ಕಲ್ಲಿನಂಗ ಕುಂತಿದ್ದಿ. ಎಂಥಾ ಮನಸವಾ ನಿಂದು!"

ಹೇಗೆ ಅಳಲಿ? ಸೆರಗನ್ನು ಬಾಯಿಗೆ ತುರುಕಿ, ಬಲಗೈಯಿಂದ ನೆಲ ಸವರುತ್ತಾ ಇವರು ಅತ್ತದ್ದು ನನ್ನ ಅಳು. ಎರಡು ವರ್ಷದ ಹಿಂದೆ ನಮ್ಮ ಕೂಸು ಶಿವಲಿಂಗ ಹೋದಾಗ ನಾನು ಅತ್ತದ್ದು ಹೀಗೆಯೇ. ಆಗ ಇದೇ ಕಾಶೆವ್ವ, "ಸಾಕ ಮಾಡ, ಇನ್ನೊಂದ ಆಗತೈತಿ" ಅಂದಿದ್ದಳು. ನಾಟಕದಲ್ಲಾದರೆ ಟಿಕೆಟ್ ಕೊಂಡು ಅಳುತ್ತಾರೆ.

ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. "ನನ್ನ ಸಂಕಟಾ ಒಯ್ದು ಮಂದಿಗೆ ತೋರಸ್ತೀರೇನ್ರಿ?" ಎಂದೆ.

ಇವರು ಮುರಿದ ರೊಟ್ಟಿಯನ್ನು ಬಾಯಿಗಿಡಲಿಲ್ಲ. ಗಲ್ಲದ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಅವತ್ತ ನನಗೂ ಅಳೂ ಬಂದಿತ್ತು. ಗಂಡಸಾಗಿ ಅಳ್ತೀ ಏನಲೇ ಅಂತ ಅಪ್ಪ ಬೈದ. ಸೀರಿ ಉಟ್ಟಾಗಷ್ಟ ನನಗ ಯಾರೂ ಸುಮ್ಮನಿರು ಅನ್ನೂದಿಲ್ಲ. ಅಲ್ಲಿ ನಾ ಶಿವಲಿಂಗನ್ನ ನೆನಸ್ತೇನಿ."

ಮಗು ಹೋದ ಮೇಲೆ ಅವನ ಹೆಸರನ್ನು ಇವರ ಬಾಯಲ್ಲಿ ಕೇಳಿದ್ದು ಇಂದೇ ಮೊದಲು. ಸಿಟ್ಟು ಎಲ್ಲಿ ಹೋಯಿತೋ. ಮನೆಯಲ್ಲೇ ಅಳ್ರಿ, ನಾ ಇದ್ದೇನಲ್ಲ ಅನ್ನಬೇಕಿತ್ತು. ರೊಟ್ಟಿಯ ಮೇಲೆ ಒಂದಿಷ್ಟು ಬೆಣ್ಣೆ ಹಾಕಿ ಎದ್ದುಬಿಟ್ಟೆ.

ನಾಡಿದ್ದು ಹುಕ್ಕೇರಿಯಲ್ಲಿ ಮತ್ತೆ ಅದೇ ನಾಟಕವಂತೆ. ಅಷ್ಟರೊಳಗೆ ನಾನು ಆ ಮಾತು ಹೇಳಿಬಿಡಬೇಕು.